ಹಿಟ್ಟಿನ ಕೋಳಿಯೂ ನಾಲ್ವರ ಆಟವೂ

ಅಮೆರಿಕದಲ್ಲಿ ಹುಟ್ಟಿ ಬೆಳೆದು ಈಗ ನಡುವಯಸ್ಸಿನ ಹೊಸ್ತಿಲಲ್ಲಿರುವ ನನ್ನ ಅಣ್ಣನ ಮಕ್ಕಳಿಬ್ಬರು ಕಳೆದ ಬೇಸಗೆಯಲ್ಲಿ ಗೌಡಗೆರೆಯ ನಮ್ಮ ಹಳೆಯ ಮನೆಗೆ ಬಂದಾಗ, ಬಾಲ್ಯದ ನಿಧಿಯೆಂಬಂತೆ ಪಂಚೆಯೊಂದರಲ್ಲಿ ಸುತ್ತಿ ತಂದಿದ್ದ ಆಟದ ಯಂತ್ರವನ್ನು ನಡುಮನೆಯ ಟಿ.ವಿ.ಗೆ ಜೋಡಿಸಿದರು. ಅಲ್ಲಿಯ 120 ವೋಲ್ಟಿನ ವಿದ್ಯುತ್ತಿಗೆ ಹೊಂದಿಕೊಂಡ ಆ ಯಂತ್ರವು ನಮ್ಮ 230 ವೋಲ್ಟನ್ನು ತಾಳಲಾರದಾದ್ದರಿಂದ ಶಿರಾದ ಪೇಟೆಯಿಂದ ಒಂದು ಟ್ರಾನ್ಸ್‌ಫಾರ್ಮರನ್ನು ತರಬೇಕಾಯಿತು. ಇಟ್ಟಿಗೆಯಷ್ಟು ಭಾರವಾದ ಆ ಪೆಟ್ಟಿಗೆ ಚಾಪೆಯ ಪಕ್ಕದಲ್ಲಿ ಜೇನುಹುಳುಗಳಂತೆ ಗುಂಯ್‌ಗುಡುತ್ತ ಕುಳಿತಿತ್ತು. ಕೈಯಲ್ಲಿ ಹಿಡಿಯುವ ಸಾಧನಕ್ಕೆ ಮೂರು ಕೊಂಬುಗಳು. ನಡುವಣ ಕೊಂಬಿನ ಅಡಿಯಲ್ಲಿ ತೋರುಬೆರಳಿಗೆ ಸಿಕ್ಕುವಂತೆ ಒಂದು ಗುಂಡಿ. ಅದನ್ನು ಒತ್ತಿದರೆ ತೆರೆಯ ಮೇಲೆ ಬಂದೂಕು ಹಾರುವುದು. ಅಣ್ಣನ ಮಕ್ಕಳಿಬ್ಬರು, ನನ್ನ ಮಗ, ನೆರೆಮನೆಯ ಹುಡುಗ, ಹೀಗೆ ನಾಲ್ವರು ಒಂದೇ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು, ನಾಲ್ಕು ಪಾಲಾಗಿ ಸೀಳಿದ ಒಂದೇ ತೆರೆಯಲ್ಲಿ, ನಡುರಾತ್ರಿಯವರೆಗೆ ಒಬ್ಬರನ್ನೊಬ್ಬರು ಹುಡುಕಿ ಹುಡುಕಿ ಕೊಂದರು. ಗೋಡೆಗೆ ಒರಗಿ ಎಲೆಯಡಿಕೆ ಹಾಕುತ್ತಿದ್ದ ನನ್ನ ಹಿರಿಯಕ್ಕ ಬಹಳ ಹೊತ್ತು ಅದನ್ನು ನೋಡಿ, ‘ಇದು ಪಾಪವಲ್ಲವೇನೋ?’ ಎಂದು ನನ್ನನ್ನು ಕೇಳಿದಳು. ಆಟದ ಮಾತಿಗೆ ಪಾಪಪುಣ್ಯವೆಲ್ಲಿ ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಕೇಳಿದವಳು ಮನಸ್ಸಿಟ್ಟು ಕೇಳಿದ್ದಳು. ಆದಕಾರಣ ಉತ್ತರವನ್ನೂ ಮನಸ್ಸಿಟ್ಟೇ ಹುಡುಕತಕ್ಕದ್ದೆಂದು ನನಗೆ ತೋರಿತು.

ಆಟದ ಹೆಸರು ‘ಗೋಲ್ಡನ್‌ಐ 007’. 1995ರಲ್ಲಿ ತೆರೆಕಂಡ ಜೇಮ್ಸ್ ಬಾಂಡನ ಚಲನಚಿತ್ರವನ್ನು ಆಧರಿಸಿ, ಇಂಗ್ಲೆಂಡಿನ ಟ್ವೈಕ್ರಾಸ್ ಎಂಬ ಹಳ್ಳಿಯ ಬಳಿ ನೆಲೆಗೊಂಡಿದ್ದ ರೇರ್ ಸಂಸ್ಥೆಯವರು ಇದನ್ನು ಕಟ್ಟಿದರು. ಜಪಾನಿನ ನಿಂಟೆಂಡೊ ಕಂಪನಿಯ ‘ನಿಂಟೆಂಡೊ 64’ ಎಂಬ ಯಂತ್ರಕ್ಕಾಗಿ 1997ರ ಆಗಸ್ಟಿನಲ್ಲಿ ಹೊರಬಂದ ಇದರ ಪ್ರತಿಗಳು 80 ಲಕ್ಷಕ್ಕೂ ಮಿಕ್ಕಿ ಮಾರಾಟವಾದವು. ಮಾರ್ಟಿನ್ ಹಾಲಿಸ್ ಎಂಬಾತ ಈ ಕೆಲಸದ ಮುಂದಾಳು. ಅವನ ಚಿಕ್ಕ ತಂಡದಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಒಂದು ಆಟವನ್ನೂ ಕಟ್ಟಿದವರಲ್ಲ.

ಈ ಅನನುಭವವೇ ಒಂದು ವಿಶೇಷಕ್ಕೆ ಕಾರಣವಾಯಿತೆಂದು ನಾನು ಭಾವಿಸುತ್ತೇನೆ. ಹುಡುಗರು ‘ಲೆವೆಲ್’ ಎನ್ನುವ ಒಂದೊಂದು ಆವರಣವನ್ನೂ ರಚಿಸುವಾಗ, ಆಟಗಾರನು ಎಲ್ಲಿಂದ ಹೊರಡುವನು, ಎಲ್ಲಿಗೆ ಮುಟ್ಟುವನು, ಶತ್ರು ಯಾವ ಮರೆಯಲ್ಲಿ ನಿಲ್ಲುವನು ಎಂಬುದನ್ನು ಬಹುಮಟ್ಟಿಗೆ ನಿಶ್ಚಯಿಸಿಕೊಳ್ಳದೆ, ಕಟ್ಟಡವನ್ನು ಕಟ್ಟಡವೆಂದೇ ಬಗೆದು ಮೊದಲು ಅದನ್ನು ಎಬ್ಬಿಸಿ ನಿಲ್ಲಿಸಿದರೆಂದೂ, ಗುರಿಯೂ ಕಾವಲೂ ಆಮೇಲೆ ಬಂದು ಅದರೊಳಗೆ ಕೂಡಿಕೊಂಡವೆಂದೂ ಹಾಲಿಸ್ ತಾನೇ ಹೇಳಿದ್ದಾನೆ. ಆದ್ದರಿಂದ ಅಲ್ಲಿ ಯಾವ ಕಾರ್ಯಕ್ಕೂ ಒದಗದ ಕೋಣೆಗಳುಂಟು; ಹೋಗಬೇಕಾದ ಅಗತ್ಯವಿಲ್ಲದಿದ್ದರೂ ಹೋಗಿ ನೋಡಬಹುದಾದ ಓಣಿಗಳುಂಟು. ‘ಫೆಸಿಲಿಟಿ’ ಎಂಬ ಆವರಣದಲ್ಲಿ ಒಬ್ಬನೇ ಆಡುವಾಗ ನಾಯಕನು ಗಾಳಿಯ ಕೊಳವೆಯೊಳಗಿಂದ ತೆವಳಿ ಬಂದು ಶೌಚಾಲಯವೊಂದಕ್ಕೆ ಇಳಿಯುತ್ತಾನೆ. ಜಗತ್ತನ್ನು ಉಳಿಸಹೊರಟವನ ಕಥೆಗೆ ಶೌಚಾಲಯವು ಬೇಕಿರಲಿಲ್ಲ, ಮನುಷ್ಯರು ಕೆಲಸ ಮಾಡುವ ಕಟ್ಟಡಕ್ಕೆ ಬೇಕಾಗಿತ್ತು. ಆ ಸ್ಥಳವು ನಮ್ಮ ಬರವಿಗೆ ಮುಂಚೆಯೂ ಇತ್ತು, ನಾವು ಹೋದ ಮೇಲೂ ಇರುವುದು ಎಂಬ ಭಾವನೆ ಹುಟ್ಟುವುದು ಇಂಥ ವಸ್ತುಗಳಿಂದ.

ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಹತ್ತಿದವರು ಇದರ ವಿರುದ್ಧವಾದ ವಾಸ್ತುವನ್ನು ಕಂಡಿರುತ್ತಾರೆ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದಾದ ಮೇಲೊಂದು ದ್ವಾರವನ್ನು ದಾಟಿ ಏರುತ್ತ ಹೋದಂತೆ, ಕಲ್ಲು ಕಾದು ಅಂಗಾಲು ಸುಡುತ್ತಿರುವಾಗಲೂ ಒಂದು ವಿಷಯ ಮನಸ್ಸಿಗೆ ನಾಟದೆ ಇರದು: ಅಲ್ಲಿಯ ತಿರುವೊಂದೂ ಸುಮ್ಮನೆ ಆದದ್ದಲ್ಲ. ಏರುವವನಿಗೆ ಮೇಲಿನವನು ಕಾಣಬಾರದು, ಮೇಲಿನವನಿಗೆ ಏರುವವನು ಕಾಣಬೇಕು. ಓಡಿ ಬಂದವನ ವೇಗ ಬಾಗಿಲಿನ ಮುಂದೆ ಮುರಿಯಬೇಕು. ಶತ್ರುವಿನ ಪ್ರತಿಯೊಂದು ಹೆಜ್ಜೆಯನ್ನೂ ಮೊದಲೇ ಎಣಿಸಿ ಕಟ್ಟಿದ ಸ್ಥಳವದು. ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಈ ಕೋಟೆಯಲ್ಲಿಯೇ. ಹೊರಗಿನವರು ಒಳಗೆ ಬರದಂತೆ ಕಟ್ಟಿದ ಕಲ್ಲು, ಒಳಗಿನವರು ಹೊರಗೆ ಹೋಗದಂತೆಯೂ ಕಾಯಿತು. ಭಯವು ಕಟ್ಟಿಸಿದ ಕೋಟೆಯಲ್ಲಿ ಬೇಡದ ಕೋಣೆಯೊಂದೂ ಇರುವುದಿಲ್ಲ. ಆಟಕ್ಕಾಗಿ ಕಟ್ಟಿದ ಆವರಣದಲ್ಲಿ ಅದು ಇರುತ್ತದೆ, ಇರಬೇಕು ಕೂಡ.

ನಾಲ್ವರು ಕೂಡಿ ಆಡುವ ಭಾಗವು ಈ ಆಟದ ಮೊದಲ ಸಂಕಲ್ಪದಲ್ಲಿ ಇರಲೇ ಇಲ್ಲ ಎಂಬುದು ಇನ್ನೂ ದೊಡ್ಡ ಆಶ್ಚರ್ಯ. ಬಿಡುಗಡೆಗೆ ಕೆಲವೇ ತಿಂಗಳು ಉಳಿದಿರುವಾಗ, ಸ್ಟೀವ್ ಎಲ್ಲಿಸ್ ಎಂಬ ತಂತ್ರಜ್ಞನು ಸುಮಾರು ಒಂದು ತಿಂಗಳ ದುಡಿಮೆಯಲ್ಲಿ ಅದನ್ನು ಸೇರಿಸಿದನು. ಮೇಲಿನವರ ಅಪ್ಪಣೆಗೆ ಕಾಯದೆ ಮಾಡಿ, ಆದ ಮೇಲೆ ತೋರಿಸಿದರಂತೆ. ಒಂಟಿ ಪಯಣಕ್ಕೆಂದು ಕಟ್ಟಿದ್ದ ಕೆಲವು ಆವರಣಗಳನ್ನೇ ಬಳಸಿಕೊಂಡು, ‘ಟೆಂಪಲ್’, ‘ಕಾಂಪ್ಲೆಕ್ಸ್’ ಮೊದಲಾದವನ್ನು ಹೊಸದಾಗಿ ರಚಿಸಿ, ಒಟ್ಟು 11 ಕಣಗಳನ್ನು ಒದಗಿಸಿದರು. ಇಂದು ಈ ಆಟದ ಹೆಸರೆತ್ತಿದರೆ ಆಡಿದವರು ಮೊದಲು ನೆನೆಯುವುದು ಕಥೆಯನ್ನಲ್ಲ, ಈ ನಾಲ್ವರ ಪಂದ್ಯವನ್ನು. ಯಾರೂ ಬೇಡದಿದ್ದದ್ದು, ಯಾವ ಪ್ರಯೋಜನದ ಪಟ್ಟಿಯಲ್ಲಿಯೂ ಇಲ್ಲದಿದ್ದದ್ದು, ಕೊನೆಗೆ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯಿತು.

ಬಾದರಾಯಣನ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಸೃಷ್ಟಿಗೆ ಪ್ರಯೋಜನವೇನೆಂಬ ವಿಚಾರ ಬರುವುದನ್ನು ವೇದಾಂತದ ಪರಿಚಯವುಳ್ಳವರು ಬಲ್ಲರು. ಪೂರ್ಣಕಾಮನಾದ ಈಶ್ವರನಿಗೆ ಈಡೇರಬೇಕಾದ ಆಸೆಯೊಂದೂ ಇಲ್ಲದಿರುವಾಗ ಅವನು ಜಗತ್ತನ್ನು ಏಕೆ ರಚಿಸಿದನು? ಅದು ಕೇವಲ ಲೀಲೆ ಎಂಬುದು ಸೂತ್ರಕಾರನ ಸಮಾಧಾನ; ಬೇಕಾದುದೆಲ್ಲವೂ ಇರುವ ಅರಸನು ಕ್ರೀಡೆಯಲ್ಲಿ ತೊಡಗುವಂತೆ, ಉಸಿರಾಟವು ತನ್ನ ಪಾಡಿಗೆ ತಾನು ನಡೆಯುವಂತೆ, ಎಂದು ಶಂಕರಾಚಾರ್ಯರು ಅದನ್ನು ಬಿಡಿಸುತ್ತಾರೆ. ಆದರೆ ಆ ಸೂತ್ರದ ಬೆನ್ನಿಗೇ ಬರುವ ಸೂತ್ರವು ನನ್ನ ಅಕ್ಕ ಕೇಳಿದ ಪ್ರಶ್ನೆಯನ್ನೇ ಎತ್ತಿಕೊಳ್ಳುವುದು ನನ್ನ ಮಟ್ಟಿಗೆ ಬಹು ಮುಖ್ಯವಾದ ಸಂಗತಿ. ಲೀಲೆಯೆಂದ ಮಾತ್ರಕ್ಕೆ ಮುಗಿಯಿತೆ? ಒಬ್ಬನು ಸುಖಿ, ಒಬ್ಬನು ದುಃಖಿ, ಎಲ್ಲರೂ ಸಾಯುವವರು. ಹಾಗಾದರೆ ಆಡುವವನು ಪಕ್ಷಪಾತಿಯೂ ನಿರ್ದಯನೂ ಆಗಲಿಲ್ಲವೆ? ಜೀವಿಗಳ ಕರ್ಮವನ್ನು ಅಪೇಕ್ಷಿಸಿಯೇ ಈ ವೈಷಮ್ಯವೆಂದು ಅಲ್ಲಿ ಉತ್ತರ ದೊರೆಯುತ್ತದೆ. ಆ ಉತ್ತರವು ಯಾರನ್ನು ಎಷ್ಟರಮಟ್ಟಿಗೆ ಒಪ್ಪಿಸೀತೆಂಬುದು ಬೇರೆಯ ಚರ್ಚೆ. ‘ಇದು ಆಟ’ ಎಂಬ ಮಾತೊಂದೇ ಕ್ರೌರ್ಯದ ಆಪಾದನೆಯನ್ನು ಪರಿಹರಿಸಲಾರದೆಂದು ನಮ್ಮ ಹಿರಿಯರು ತಿಳಿದಿದ್ದರು. ದೇವರ ವಿಷಯದಲ್ಲಿಯೇ ಅದು ಸಾಲದೆಂದ ಮೇಲೆ ಚಾಪೆಯ ಮೇಲಿನ ಹುಡುಗರ ವಿಷಯದಲ್ಲಿ ಸಾಕೆನ್ನುವುದು ಹೇಗೆ?

ಇನ್ನೊಂದು ಸಮಾಧಾನವುಂಟು: ಅಲ್ಲಿ ಸತ್ತವರು ಯಾರೂ ಇಲ್ಲ, ಬೆಳಕಿನ ಚುಕ್ಕೆಗಳು ಮಾತ್ರ ಎಂಬುದು. ಕನ್ನಡಿಗನು ಈ ಸಮಾಧಾನವನ್ನು ಸುಲಭವಾಗಿ ಒಪ್ಪುವಂತಿಲ್ಲ. ಏಕೆಂದರೆ ಜನ್ನನು 1209ರಲ್ಲಿಯೇ, ‘ಯಶೋಧರ ಚರಿತೆ’ಯಲ್ಲಿ, ಇದನ್ನು ಮುರಿದಿಟ್ಟಿದ್ದಾನೆ. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿಯು ಒತ್ತಾಯಿಸಿದಾಗ, ಜೀವಹಿಂಸೆಗೆ ಮನಸ್ಸೊಪ್ಪದ ಯಶೋಧರನು ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನಿಂದ ಮಾಡಿದ ಕೋಳಿಯೊಂದನ್ನು ಕಡಿಯಲು ಸಮ್ಮತಿಸುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಅದರೊಳಗೆ ಬೆಂತರವೊಂದು ಹೊಕ್ಕಿತ್ತು. ಮುಂದೆ ತಾಯಿ ಮಗ ಇಬ್ಬರೂ ನವಿಲು ನಾಯಿಗಳಾಗಿ ಮೊದಲ್ಗೊಂಡು ಜನ್ಮದಿಂದ ಜನ್ಮಕ್ಕೆ ಕೊಲ್ಲುತ್ತ ಕೊಲ್ಲಿಸಿಕೊಳ್ಳುತ್ತ ಅಲೆದು, ಕಡೆಗೆ ಅಭಯರುಚಿ ಅಭಯಮತಿಯರೆಂಬ ಮಕ್ಕಳಾಗಿ ಮಾರಿದತ್ತನ ಬಲಿಪೀಠದ ಮುಂದೆ ನಿಲ್ಲುತ್ತಾರೆ. ಜೀವವಿಲ್ಲದ ವಸ್ತುವನ್ನು ಕಡಿದುದಕ್ಕೆ ಇಷ್ಟು ದೊಡ್ಡ ಫಲವೇ ಎಂದು ಕೇಳುವವರಿಗೆ ಜೈನಶಾಸ್ತ್ರದ ಉತ್ತರ ಸಿದ್ಧವಾಗಿದೆ: ಹಿಂಸೆಯು ದ್ರವ್ಯದಲ್ಲಿ ಮಾತ್ರವಲ್ಲ, ಭಾವದಲ್ಲಿಯೂ ಉಂಟು, ಸಂಕಲ್ಪವೇ ಹಿಂಸೆ. ನಿಡುಗಲ್ಲಿನಲ್ಲಿ, ಮಧುಗಿರಿಯಲ್ಲಿ ಜೈನ ಬಸದಿಗಳನ್ನು ಇಂದಿಗೂ ಕಾಣಬಹುದಾದ ಈ ನಮ್ಮ ಸೀಮೆಗೆ ಆ ವಿಚಾರವು ಹೊರಗಿನದಲ್ಲ.

ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಟ್ಟಿನ ಕೋಳಿಯ ಸಂತಾನವು ಇನ್ನೂ ಬದುಕಿದೆ. ಪ್ರಾಣಿಬಲಿಯನ್ನು ನಿಷೇಧಿಸುವ ಶಾಸನ 1959ರಲ್ಲಿಯೇ ಬಂತು. ಬಲಿ ನಿಂತ ಎಡೆಗಳಲ್ಲಿ ಬೂದುಗುಂಬಳವನ್ನು ಒಡೆಯುತ್ತಾರೆ. ಒಡೆಯುವುದಕ್ಕೆ ಮುಂಚೆ ಅದಕ್ಕೊಂದು ಕಿಂಡಿ ಕೊರೆದು ಒಳಗೆ ಕುಂಕುಮವನ್ನು ತುಂಬುತ್ತಾರೆ. ಬಿಳಿಯ ತಿರುಳು ಕೆಂಪಾಗಿ ನೆಲದ ಮೇಲೆ ಚೆಲ್ಲಿದಾಗ ಅದು ಯಾವುದರ ಪ್ರತಿರೂಪವೆಂಬುದು ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ಚಿಕ್ಕಂದಿನಲ್ಲಿ ನಾನು ಆ ಹೋಳುಗಳನ್ನು ದಾಟಿ ನಡೆಯಲು ಹೆದರುತ್ತಿದ್ದೆ. ಆ ಹೆದರಿಕೆ ಸುಳ್ಳಾಗಿರಲಿಲ್ಲವೆಂದು ಈಗಲೂ ಅನ್ನಿಸುತ್ತದೆ.

‘ಗೋಲ್ಡನ್‌ಐ’ ಆಟದ ಹಿಟ್ಟಿನ ಕೋಳಿಯೂ ಕೂಗುತ್ತದೆ. ಒಂಟಿಯಾಗಿ ಆಡುವಾಗ ಎದುರಾಗುವ ಕಾವಲುಗಾರರು, ಅದಕ್ಕೆ ಹಿಂದಿನ ಆಟಗಳಲ್ಲಿ ಆಗುತ್ತಿದ್ದಂತೆ ಗುಂಡು ತಗುಲಿದ ಕೂಡಲೆ ಎಲ್ಲರೂ ಒಂದೇ ರೀತಿಯಲ್ಲಿ ಉರುಳುವುದಿಲ್ಲ. ಕೈಗೆ ತಗುಲಿದರೆ ಕೈಯನ್ನೂ ಕಾಲಿಗೆ ತಗುಲಿದರೆ ಕಾಲನ್ನೂ ಹಿಡಿದುಕೊಂಡು ಕುಗ್ಗಿ ನರಳುತ್ತಾರೆ. ಶಿಲ್ಪಿಯ ಕೌಶಲ ಹೆಚ್ಚಿದಷ್ಟೂ ಹಿಟ್ಟು ಮಾಂಸಕ್ಕೆ ಸಮೀಪಿಸುವುದು. ಈ ಕೂಗನ್ನು ಕೇಳಿದವರಲ್ಲಿ ಒಬ್ಬನು ನಿಂಟೆಂಡೊ ಸಂಸ್ಥೆಯ ಶಿಗೆರು ಮಿಯಾಮೊಟೊ. ಆಟವು ಸಿದ್ಧವಾಗುತ್ತಿದ್ದ ಕಾಲದಲ್ಲಿ ಆತನು ಜಪಾನಿನಿಂದ ಒಂದು ಫ್ಯಾಕ್ಸ್ ಕಳುಹಿಸಿದನೆಂದು ಹಾಲಿಸ್ ಎಷ್ಟೋ ವರ್ಷಗಳ ಮೇಲೆ ಹೇಳಿದನು: ಹತ್ತಿರದಿಂದ ಕೊಲ್ಲುವುದು ಇದರಲ್ಲಿ ಅತಿಯಾಯಿತು, ತುಸು ಘೋರವಾಗಿದೆ, ಆಟ ಮುಗಿದ ಮೇಲೆ ನಾಯಕನು ಆಸ್ಪತ್ರೆಗೆ ಹೋಗಿ, ತಾನು ಹೊಡೆದ ಶತ್ರುಗಳೆಲ್ಲರ ಕೈಯನ್ನೂ ಕುಲುಕಿ ಬರುವಂತೆ ಮಾಡಿದರೆ ಚೆನ್ನ.

ಈ ಸಲಹೆಯನ್ನು ಕೇಳಿ ನಕ್ಕವರು ಉಂಟು. ನನಗಾದರೋ ಇದನ್ನು ಮೊದಲ ಸಲ ತಿಳಿದಾಗ ನಮ್ಮ ಮೂಡಲಪಾಯದ ಆಟದ ಬೆಳಗಿನ ಜಾವ ನೆನಪಿಗೆ ಬಂತು. ರಾತ್ರಿಯೆಲ್ಲ ಗದೆ ತಿರುಗಿಸಿ ದುಶ್ಶಾಸನನ ಎದೆಯನ್ನು ಬಗೆದ ಭೀಮನೂ, ಬಗೆಸಿಕೊಂಡ ದುಶ್ಶಾಸನನೂ, ಮಂಗಳದ ಪದ ಮುಗಿದ ಮೇಲೆ, ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆಯಲ್ಲಿ ಒರಸಿಕೊಳ್ಳುತ್ತ, ಒಂದೇ ಚೊಂಬಿನ ಚಹವನ್ನು ಹಂಚಿಕೊಂಡು ಕುಡಿಯುವುದನ್ನು ನಾನು ನೋಡಿದ್ದೇನೆ. ಹಾಲಿಸನು ಆಸ್ಪತ್ರೆಯ ದೃಶ್ಯವನ್ನು ಸೇರಿಸಲಿಲ್ಲ. ಆದರೆ ಆಟದ ಕೊನೆಯಲ್ಲಿ ಪಾತ್ರಗಳನ್ನೆಲ್ಲ, ಚಲನಚಿತ್ರದ ನಟವರ್ಗವನ್ನು ಪರಿಚಯಿಸುವಂತೆ, ಒಬ್ಬೊಬ್ಬರನ್ನಾಗಿ ತಂದು ತೋರಿಸಿದನು. ಇದು ಕಟ್ಟಿದ್ದು, ಇದು ನಾಟಕ, ಇವರು ಸತ್ತಿಲ್ಲ ಎಂದು ತಿಳಿಸುವುದು ಅದರ ಉದ್ದೇಶ. ಮಂಗಳ ಹಾಡದೆ ಯುದ್ಧದ ಪ್ರಸಂಗವನ್ನು ಮುಗಿಸಬಾರದೆಂಬ ನಮ್ಮ ಭಾಗವತರ ನೇಮವೂ ಇಂಥದೇ.

ಇಲ್ಲಿ ಒಂದು ವಿವೇಕವನ್ನು ಮಾಡಿಕೊಳ್ಳಬೇಕು; ನನ್ನ ಅಕ್ಕನಿಗೆ ಕೊಡತಕ್ಕ ಉತ್ತರವೆಲ್ಲ ಇದರಲ್ಲಿದೆ. ಸಂಕಲ್ಪವೇ ಪಾಪವೆಂದಾದರೆ ಭೀಮನ ವೇಷಧಾರಿಯೂ ಪಾಪಿಯಾಗಬೇಕಲ್ಲವೆ? ಅವನನ್ನು ಯಾರೂ ಹಾಗೆನ್ನುವುದಿಲ್ಲ. ಹಾಗಾದರೆ ಯಶೋಧರನ ತಪ್ಪು ಎಲ್ಲಿ? ಅವನು ಹಿಟ್ಟನ್ನು ಕಡಿದದ್ದರಲ್ಲಿಲ್ಲ. ಹಿಟ್ಟನ್ನು ಪ್ರತಿದಿನವೂ ಎಲ್ಲರೂ ಕತ್ತರಿಸುತ್ತಾರೆ. ಆ ಕಡಿತವು ನಿಜವಾದ ಕೊಲೆಯೆಂದು ಲೆಕ್ಕಕ್ಕೆ ಬರಲಿ, ದೇವಿಯು ಇದನ್ನು ಜೀವವೆಂದೇ ಸ್ವೀಕರಿಸಿ ಪ್ರತಿಫಲ ಕೊಡಲಿ ಎಂದು ಅವನು ಬಯಸಿದನು. ಕೈಗೆ ರಕ್ತ ಅಂಟಬಾರದು, ರಕ್ತದ ಫಲ ಮಾತ್ರ ಬೇಕು ಎಂಬ ವ್ಯಾಪಾರವದು. ಚಾಪೆಯ ಮೇಲಿನ ನಾಲ್ವರ ಬಯಕೆ ಇದಕ್ಕೆ ನೇರವಾಗಿ ಎದುರು. ಹೊಡೆದದ್ದು ಲೆಕ್ಕಕ್ಕೆ ಬರಬಾರದೆಂದೇ ಅವರು ಆಡುತ್ತಾರೆ. ಸತ್ತವನು ಕ್ಷಣಾರ್ಧದಲ್ಲಿ ಕಣದ ಇನ್ನೊಂದು ಮೂಲೆಯಲ್ಲಿ ಹುಟ್ಟಿಕೊಳ್ಳುತ್ತಾನೆ, ಕೊಂದವನು ಯಾರೆಂಬ ನೆನಪಿರುತ್ತದೆ, ವೈರವಿರುವುದಿಲ್ಲ. ಯಶೋಧರ ಚಂದ್ರಮತಿಯರನ್ನು ಜನ್ಮಜನ್ಮಕ್ಕೂ ಬೆನ್ನಟ್ಟಿದ ಕರ್ಮದ ಗಂಟು ಪಂದ್ಯ ಮುಗಿದ ಕೂಡಲೆ ಬಿಚ್ಚಿಹೋಗುತ್ತದೆ. ಅಲ್ಲದೆ ಇಲ್ಲಿ ಕೊಲ್ಲುವವನು ಕೊಲ್ಲಿಸಿಕೊಳ್ಳುವುದಕ್ಕೂ ಒಪ್ಪಿ ಕುಳಿತವನು. ಕೋಳಿಗೆ ಆ ಒಪ್ಪಿಗೆಯಿರಲಿಲ್ಲ. ನರಳುವ ಕಾವಲುಗಾರನಿಗೂ ಇಲ್ಲ. ಒಂಟಿಯಾಗಿ ಆಡುವುದೆಲ್ಲ ದೋಷವೆಂದು ನಾನು ಹೇಳಲಾರೆ. ಆದರೆ ಹೊರಗೆ ಯಾರ ಮೇಲೋ ಹುಟ್ಟಿದ ಕೋಪವನ್ನು ತೀರಿಸಿಕೊಳ್ಳಲೆಂದು ಬಾಗಿಲು ಮುಚ್ಚಿ ಕುಳಿತು, ಬಿದ್ದವನು ಆತನೇ ಎಂದು ಮನಸ್ಸಿನಲ್ಲಿ ನೆನೆದು ಗುಂಡಿಯನ್ನು ಒತ್ತುವವನು, ಯಶೋಧರನ ಬಲಿಪೀಠಕ್ಕೆ ಬಹಳ ಹತ್ತಿರ ಬಂದಿರುತ್ತಾನೆ.

ಸಮಾನತೆಯ ವಿಷಯದಲ್ಲಿ ಆ ರಾತ್ರಿ ನಾನು ಕಂಡ ಒಂದು ಸಂಗತಿಯನ್ನು ಹೇಳಬೇಕು. ಆಟಗಾರನು ತನ್ನ ವೇಷವನ್ನು ತಾನೇ ಆರಿಸಿಕೊಳ್ಳಬಹುದು. ಅವುಗಳಲ್ಲಿ ‘ಆಡ್‌ಜಾಬ್’ ಎಂಬ ಗಿಡ್ಡ ವೇಷವೊಂದುಂಟು. ಅವನು ಉಳಿದವರಿಗಿಂತ ಕುಳ್ಳನಾದ್ದರಿಂದ ಎದುರಾಳಿಯ ಗುಂಡು ನೆತ್ತಿಯ ಮೇಲೆ ಹಾದುಹೋಗುವುದು, ಪ್ರತಿಸಲವೂ ಬಗ್ಗಿಸಿ ಗುರಿಯಿಡಬೇಕು. ಯಂತ್ರವು ಅವನನ್ನು ನಿಷೇಧಿಸಿಲ್ಲ. ನೆರೆಮನೆಯ ಹುಡುಗ ತಿಳಿಯದೆ ಅವನನ್ನು ಆರಿಸಿದಾಗ ಅಣ್ಣನ ಮಕ್ಕಳಿಬ್ಬರೂ ಒಂದೇ ದನಿಯಲ್ಲಿ, ‘ಅವನು ಬೇಡ, ಅದು ಮೋಸ’ ಎಂದರು. ಹುಡುಗ ಸುಮ್ಮನೆ ಬದಲಾಯಿಸಿಕೊಂಡನು. ಲೋಕದಲ್ಲಿ ಎಷ್ಟೋ ಮನೆಗಳಲ್ಲಿ, ಒಬ್ಬರನ್ನೊಬ್ಬರು ಕಾಣದ ಎಷ್ಟೋ ಹುಡುಗರು ಈ ಒಂದೇ ಕಟ್ಟಳೆಯನ್ನು ತಮ್ಮ ತಮ್ಮಲ್ಲಿಯೇ ಮಾಡಿಕೊಂಡರು. ಯಂತ್ರ ಬಿಟ್ಟುಕೊಟ್ಟದ್ದನ್ನು ಮನುಷ್ಯರು ಬಿಟ್ಟುಕೊಡದೆ ಹಿಡಿದ ಆ ಗೆರೆಗೆ ಧರ್ಮವೆಂಬುದಲ್ಲದೆ ಬೇರೆ ಹೆಸರು ನನಗೆ ತಿಳಿಯದು.

ಇನ್ನು ಆ ಸೀಳಿದ ತೆರೆ. ನಾಲ್ಕು ಪಾಲಿನಲ್ಲಿ ಒಂದು ನನ್ನದು. ಉಳಿದ ಮೂರು ನನ್ನನ್ನು ಕೊಲ್ಲಬಂದವರ ಕಣ್ಣುಗಳು. ಓರೆಗಣ್ಣಿನಿಂದ ನೋಡಿದರೆ ಅವರು ಯಾವ ಓಣಿಯಲ್ಲಿದ್ದಾರೆ, ಯಾವ ಬಾಗಿಲನ್ನು ನೂಕುತ್ತಿದ್ದಾರೆ ಎಂಬುದು ಕಾಣುತ್ತದೆ. ಅವರಿಗೂ ನನ್ನದು ಹಾಗೆಯೇ. ಇದನ್ನು ಯಂತ್ರದ ಕೊರತೆಯೆಂದು ಹಲವರು ಎಣಿಸಿದರು, ಇಣುಕಿದವನನ್ನು ಕಳ್ಳನೆಂದು ಬೈದರು. ನನಗೆ ಮಾತ್ರ ಇದೇ ಈ ಆಟದ ಅತ್ಯುತ್ತಮ ಭಾಗವಾಗಿ ಕಂಡಿತು. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕುಳಿತ ಎರಡು ಹಕ್ಕಿಗಳಲ್ಲಿ ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಚಾಪೆಯ ಮೇಲಿನ ಹುಡುಗನು ಏಕಕಾಲದಲ್ಲಿ ತಿನ್ನುವ ಹಕ್ಕಿಯೂ ಹೌದು, ನೋಡುವ ಹಕ್ಕಿಯೂ ಹೌದು: ಒಂದು ಪಾಲಿನಲ್ಲಿ ಓಡುತ್ತಾನೆ, ಹೊಡೆಯುತ್ತಾನೆ, ಸಾಯುತ್ತಾನೆ, ನಾಲ್ಕೂ ಪಾಲನ್ನು ಕೂಡಿಸಿ ನೋಡುವ ಹೊತ್ತಿಗೆ ತನ್ನನ್ನು ಹೊಡೆದವನ ಕಣ್ಣಿನಿಂದ ತಾನು ಬೀಳುವುದನ್ನೂ ಕಾಣುತ್ತಾನೆ. ಶತ್ರುವಿನ ಕಣ್ಣಿನಿಂದ ತನ್ನನ್ನು ನೋಡಿದವನಿಗೆ ದ್ವೇಷಿಸುವುದು ಸುಲಭವಲ್ಲ. ಮಧುಗಿರಿಯ ಬುರುಜುಗಳಿಂದ ಇಂಥ ನೋಟವು ಎಂದೂ ದೊರೆಯುತ್ತಿರಲಿಲ್ಲ. ಅಲ್ಲಿಯ ಕಿಂಡಿಗಳು ಒಂದೇ ಕಡೆಗೆ ತೆರೆದವು.

2023ರ ಜನವರಿಯಲ್ಲಿ ಈ ಆಟವನ್ನು ಹೊಸ ಯಂತ್ರಗಳಿಗೆ ಮತ್ತೆ ಹೊರತಂದರು. ನಿಂಟೆಂಡೊವಿನ ಯಂತ್ರದಲ್ಲಿ ಈಗ ನಾಲ್ವರೂ ನಾಲ್ಕು ಊರುಗಳಲ್ಲಿ, ನಾಲ್ಕು ಮನೆಗಳಲ್ಲಿ ಕುಳಿತು ಇಂಟರ್‌ನೆಟ್ಟಿನ ಮೂಲಕ ಆಡಬಹುದು. ದೂರವಿರುವ ಸ್ನೇಹಿತರಿಗೆ ಅದರಿಂದ ಉಪಕಾರವೇ ಆಗಿದೆ. ಆದರೆ ಚಾಪೆ ಇಲ್ಲ, ಮೊಣಕಾಲು ತಾಗುವುದಿಲ್ಲ, ಸತ್ತವನ ನಿಟ್ಟುಸಿರು ಕೊಂದವನ ಕಿವಿಗೆ ಬೀಳುವುದಿಲ್ಲ, ಪಂದ್ಯದ ನಡುವೆ ಅಕ್ಕ ತಂದಿಟ್ಟ ಹುರಿದ ಶೇಂಗಾದ ತಟ್ಟೆಗೆ ನಾಲ್ಕು ಕೈಗಳು ಒಟ್ಟಿಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೈ ಕುಲುಕಬೇಕೆಂದು ಬಯಸಿದವನು ಕೇಳಿದ್ದು ಆ ಕೈಗಳನ್ನೇ ಎಂದು ನಾನು ನಂಬುತ್ತೇನೆ.

ಪಾಪವಲ್ಲ ಎಂದು ನಾನು ಅಕ್ಕನಿಗೆ ಹೇಳಿದೆ. ಏಕಲ್ಲ ಎಂಬುದನ್ನು ಹೇಳಲು ಇಷ್ಟು ಪುಟಗಳು ಬೇಕಾದವು. ನಿಮ್ಮ ಮನೆಯಲ್ಲಿ ಮಗುವೊಂದು ಬಾಗಿಲು ಮುಚ್ಚಿಕೊಂಡು ಇಂಥ ಆಟದಲ್ಲಿ ಮುಳುಗಿದ್ದರೆ, ಓದುಗರೆ, ಬೈದು ಯಂತ್ರವನ್ನು ಆರಿಸಬೇಡಿ. ಒಳಗೆ ಹೋಗಿ ಪಕ್ಕದಲ್ಲಿ ಕುಳಿತು ನಿಮಗೂ ಒಂದು ಹಿಡಿಯನ್ನು ಕೊಡೆಂದು ಕೇಳಿ, ಹತ್ತು ಸಲ ಸತ್ತು ನೋಡಿ. ಆ ಹಳೆಯ ಯಂತ್ರದ ಮುಂಭಾಗದಲ್ಲಿ ಹಿಡಿಗಳನ್ನು ಜೋಡಿಸಲು ನಾಲ್ಕು ಕಿಂಡಿಗಳನ್ನು ಇಟ್ಟಿದ್ದಾರೆ.